ತುಪ್ಪ ಬಿಟ್ಟರೂ ಪಿತ್ತಕೋಶದಲ್ಲಿ ಕಲ್ಲು ಬಂತಲ್ಲ, ಹೇಗೆ?

ಪ್ರಶ್ನೆ: ನನಗೆ 42 ವರ್ಷ. ತುಮಕೂರು ಜಿಲ್ಲೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ಹೋದ ವರ್ಷ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್ ಎಂದಷ್ಟೇ ಬಂದಿತ್ತು, ಕಲ್ಲು ಇರಲಿಲ್ಲ. ಆಗ ತೂಕ 84 ಕೆ.ಜಿ., ಎಚ್‌ಬಿಎ1ಸಿ 6.2, ಟ್ರೈಗ್ಲಿಸರೈಡ್ 236, ಎಚ್‌ಡಿಎಲ್ 36, ಒಟ್ಟು ಕೊಲೆಸ್ಟರಾಲ್ 178. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಡಾಕ್ಟರ್ ಹೇಳಿದ್ದಕ್ಕೆ ಈ ಬೇಸಿಗೆ ರಜೆಯಲ್ಲಿ ಹಟ ಹಿಡಿದು ಎರಡು ತಿಂಗಳಲ್ಲಿ 14 ಕೆ.ಜಿ. ಇಳಿಸಿದೆ. ದಿನಕ್ಕೆ ಒಂದೇ ಊಟ, ಒಗ್ಗರಣೆಯಿಲ್ಲದ ಬೇಯಿಸಿದ ತರಕಾರಿ; ರಾತ್ರಿ ಸೌತೆಕಾಯಿ. ಎಣ್ಣೆ, ತುಪ್ಪ ಮುಟ್ಟಲಿಲ್ಲ. ಒಂದೇ ಒಂದು ದಿನ ಗೃಹಪ್ರವೇಶದ ಊಟದಲ್ಲಿ ತುಪ್ಪ ಹಾಕಿದ ಹೋಳಿಗೆ ತಿಂದೆ. ಆ ರಾತ್ರಿ ಗ್ಯಾಸ್ ಹಿಡಿದು ಎದೆಗುಂಡಿಯ ಕೆಳಗೆ ಜೋರು ನೋವು ಬಂತು, ಬಲಗಡೆ ಬೆನ್ನಿಗೂ ಹೊಡೆಯಿತು, ಎರಡು ಗಂಟೆ ಒದ್ದಾಡಿ ಸೋಡಾ ಕುಡಿದ ಮೇಲೆ ಹೋಯಿತು. ಈಗ ಸ್ಕ್ಯಾನ್‌ನಲ್ಲಿ ಪಿತ್ತಕೋಶದಲ್ಲಿ ಹಲವು ಕಲ್ಲುಗಳಿವೆ, ದೊಡ್ಡದು 9 ಮಿ.ಮೀ. ಎಂದಿದೆ. ಕೊಲೆಸ್ಟರಾಲ್ ನಾರ್ಮಲ್ ಇದ್ದು, ತುಪ್ಪ ಬಿಟ್ಟವಳಿಗೆ ಇದು ಹೇಗೆ ಬಂತು? ಒಬ್ಬ ಸರ್ಜನ್ ಚೀಲವನ್ನೇ ತೆಗೆಯಬೇಕು ಎನ್ನುತ್ತಾರೆ. ಕಿಡ್ನಿ ಕಲ್ಲಿನ ಹಾಗೆ ಕಲ್ಲು ಮಾತ್ರ ತೆಗೆಯಲು ಬರುವುದಿಲ್ಲವೇ? ಅತ್ತಿಗೆ ಬಾಳೆದಿಂಡಿನ ರಸ ಕುಡಿ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಆಲಿವ್ ಎಣ್ಣೆ, ನಿಂಬೆರಸದ ಪ್ರಯೋಗವೂ ಬಂದಿದೆ. ಚೀಲ ತೆಗೆಸಿದರೆ ಶುಗರ್ ಸರಿಹೋಗುತ್ತದೆಯೇ, ಕೆಡುತ್ತದೆಯೇ? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದುಕೊಂಡದ್ದು ನೀವು ಪ್ರಶ್ನೆಯೆಂದೇ ಎಣಿಸದ ಒಂದು ಮಾತಿಗೆ. ಹೋಳಿಗೆ ತಿಂದ ರಾತ್ರಿಯ ಆ ನೋವು. ನೀವೇನು ಮಾಡಬೇಕೆಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಅದಕ್ಕೆ ಬರುವ ಮೊದಲು, ನಿಮ್ಮನ್ನು ಹೆಚ್ಚು ಕೊರೆಯುತ್ತಿರುವ ಪ್ರಶ್ನೆಯನ್ನು ನೋಡೋಣ. ಇಷ್ಟು ಕಟ್ಟುನಿಟ್ಟಾಗಿ ಇದ್ದವಳಿಗೇ ಹೀಗಾಯಿತಲ್ಲ ಎಂಬ ಸಂಕಟ ಅದು. ಹೊರರೋಗಿ ವಿಭಾಗದಲ್ಲಿ ಕೂತು ಅತ್ತವರನ್ನು ನೋಡಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಮಾತಿನಲ್ಲಿ 'ಪಿತ್ತ' ಎಂದರೆ ಬೆಳಿಗ್ಗೆ ತಲೆಸುತ್ತು, ಹುಳಿತೇಗು, ಹಳದಿ ವಾಂತಿ, ಕೊನೆಗೆ ಸಿಟ್ಟು ಕೂಡ. ಅದು ನೆತ್ತಿಗೂ ಏರುತ್ತದೆ. ಕರಾವಳಿಯವರು ಅದಕ್ಕೆ ಪುನರ್ಪುಳಿ ಸಾರು ಮಾಡುತ್ತಾರೆ. ಊಟಕ್ಕೆ ಬಲು ರುಚಿ, ಕಲ್ಲಿಗೆ ಏನನ್ನೂ ಮಾಡದು. ನಾನು ಹೇಳುತ್ತಿರುವ ಪಿತ್ತರಸ ಲಿವರ್ ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ತಯಾರಿಸುವ ಹಸಿರು-ಹಳದಿ ದ್ರವ. ಅದರ ಒಂದು ಪಾಲು ಲಿವರ್ ಅಡಿಯಲ್ಲಿ ನೇತಾಡುವ, 30ರಿಂದ 50 ಮಿ.ಲೀ. ಹಿಡಿಯುವ ಪುಟ್ಟ ಚೀಲದಲ್ಲಿ ನಿಂತು ಗಟ್ಟಿಯಾಗುತ್ತದೆ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದಾಗ ಚೀಲ ಹಿಂಡಿಕೊಂಡು ರಸವನ್ನು ಸುರಿಯುತ್ತದೆ.

ಈ ರಸದಲ್ಲಿ ಕೊಲೆಸ್ಟರಾಲ್ ಇದೆ. ಅದು ನೀರಿನಲ್ಲಿ ಕರಗುವ ವಸ್ತುವಲ್ಲ. ಪಿತ್ತ ಲವಣಗಳು ಮತ್ತು ಲೆಸಿತಿನ್ ಎಂಬ ಕೊಬ್ಬಿನಂಥ ವಸ್ತು ಅದನ್ನು ಹಿಡಿದು ತೇಲಿಸಿಕೊಂಡಿರುತ್ತವೆ. ಮಲೆನಾಡಿನವರ ಮನೆಯಲ್ಲಿ ಜೋನಿಬೆಲ್ಲದ ಡಬ್ಬ ನೋಡಿದ್ದರೆ ನಿಮಗಿದು ಬೇಗ ಅರ್ಥವಾಗುತ್ತದೆ. ಪಾಕದ ಹದ ಒಂಚೂರು ಹೆಚ್ಚುಕಡಿಮೆಯಾದರೂ, ಅಲುಗದೆ ಬಹಳ ದಿನ ಕೂತರೂ ತಳದಲ್ಲಿ ಹರಳು ಕೂರುತ್ತದೆ. ಪಿತ್ತರಸದಲ್ಲೂ ಹಾಗೆಯೇ. ಈ ಮೂರು ವಸ್ತುಗಳ ಹದ ಎಲ್ಲಿ ತಪ್ಪಿದರೆ ಹರಳು ಹುಟ್ಟುತ್ತದೆ ಎಂಬುದನ್ನು ಅಡ್ಮಿರಾಂಡ್ ಮತ್ತು ಸ್ಮಾಲ್ ಎಂಬ ಇಬ್ಬರು 1968ರಲ್ಲೇ ತ್ರಿಕೋನದ ನಕ್ಷೆಯೊಂದರಲ್ಲಿ ಗುರುತಿಸಿ ತೋರಿಸಿದ್ದರು.

ಈಗ ನಿಮ್ಮ 178ರ ವಿಷಯ. ರಕ್ತದ ಕೊಲೆಸ್ಟರಾಲ್ ಒಂದು ಖಾತೆ, ಪಿತ್ತರಸದ್ದು ಇನ್ನೊಂದು ಖಾತೆ. ಮೊದಲನೆಯದರಲ್ಲಿ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಎರಡನೆಯದೂ ಸರಿಯಿದೆ ಎಂದಲ್ಲ. ಪಿತ್ತಕೋಶದ ಕಲ್ಲಿಗೂ ಒಟ್ಟು ಕೊಲೆಸ್ಟರಾಲ್‌ಗೂ ಹೇಳಿಕೊಳ್ಳುವಂಥ ನಂಟಿಲ್ಲ. ನಂಟಿರುವುದು ನಿಮ್ಮ ರಿಪೋರ್ಟಿನ ಬೇರೆ ಸಾಲುಗಳಿಗೆ: ಏರಿದ ಟ್ರೈಗ್ಲಿಸರೈಡ್, ಕುಸಿದ ಎಚ್‌ಡಿಎಲ್ ಎಂಬ 'ಒಳ್ಳೆಯ' ಕೊಲೆಸ್ಟರಾಲ್ (ಹೆಂಗಸರಿಗೆ 50ರ ಮೇಲಿರಬೇಕು, ನಿಮ್ಮದು 36), 6.2ರ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ), ಫ್ಯಾಟಿ ಲಿವರ್. ಸೊಂಟದ ಅಳತೆ ನೀವು ಬರೆದಿಲ್ಲ. ನಮ್ಮವರಲ್ಲಿ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಅದನ್ನೂ ಇದೇ ಪಟ್ಟಿಗೆ ಸೇರಿಸಬೇಕು. ಇವೆಲ್ಲ ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಬೇರು ಒಂದೇ. ದೇಹ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡಿದೆ.

ಇನ್ಸುಲಿನ್ ಎಂದರೆ ಸಕ್ಕರೆಯ ಹಾರ್ಮೋನ್ ಎಂದಷ್ಟೇ ನಮಗೆ ಗೊತ್ತು. ಲಿವರ್‌ನಿಂದ ಪಿತ್ತರಸಕ್ಕೆ ಎಷ್ಟು ಕೊಲೆಸ್ಟರಾಲ್ ಬಿಡಬೇಕು ಎಂಬುದರಲ್ಲೂ ಅದರ ಕೈಯಿದೆ. ಆ ಬಾಗಿಲಲ್ಲಿ ಎರಡು ಪ್ರೋಟೀನುಗಳು ಜೋಡಿಯಾಗಿ ಕೂತಿವೆ. ಎಬಿಸಿಜಿ5 ಮತ್ತು ಎಬಿಸಿಜಿ8 ಎಂದು ಅವುಗಳ ಹೆಸರು. ಲಿವರ್ ಇನ್ಸುಲಿನ್‌ಗೆ ಕಿವುಡಾದಾಗ ಈ ಬಾಗಿಲು ಬೇಕಾದದ್ದಕ್ಕಿಂತ ಅಗಲವಾಗಿ ತೆರೆದುಕೊಳ್ಳುತ್ತದೆ. ಲಿವರ್‌ನಲ್ಲಿ ಮಾತ್ರ ಇನ್ಸುಲಿನ್ ಗ್ರಾಹಕಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಇದನ್ನು 2008ರಲ್ಲಿ ತೋರಿಸಿದರು. ಕಲ್ಲು ಹುಟ್ಟಿಸುವ ಆಹಾರ ಕೊಟ್ಟಾಗ ಆ ಇಲಿಗಳಿಗೆ ಉಳಿದವಕ್ಕಿಂತ ಬಹುಬೇಗ ಕಲ್ಲು ಬಂತು. ಅತ್ತ ಚೀಲವೂ ಸೋಮಾರಿಯಾಗುತ್ತದೆ, ಊಟವಾದ ಮೇಲೆ ಪೂರ್ತಿ ಹಿಂಡಿಕೊಳ್ಳುವುದಿಲ್ಲ. ಹದ ತಪ್ಪಿದ ಪಾಕ ಅಲುಗದೆ ನಿಂತಂತಾಯಿತು.

ಹಾಗಾದರೆ ಹೋದ ವರ್ಷವೇ ಕಲ್ಲು ಇರಬೇಕಿತ್ತಲ್ಲ ಎನ್ನುತ್ತೀರಿ. ನೆಲ ಹದವಾಗಿತ್ತು, ಬೀಜ ಬಿದ್ದದ್ದು ಈ ಬೇಸಿಗೆಯಲ್ಲಿ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪಥ್ಯವೇ ಅದನ್ನು ಬಿತ್ತಿರುವ ಸಾಧ್ಯತೆ ಹೆಚ್ಚು. ಕೊಬ್ಬು ವೇಗವಾಗಿ ಕರಗುವಾಗ ಅದರಲ್ಲಿ ಕೂಡಿಟ್ಟ ಕೊಲೆಸ್ಟರಾಲ್ ಲಿವರ್‌ಗೆ ಬಂದು ಬೀಳುತ್ತದೆ, ಲಿವರ್ ಅದನ್ನು ಪಿತ್ತರಸಕ್ಕೆ ತಳ್ಳುತ್ತದೆ. ಅದೇ ಹೊತ್ತಿಗೆ ನೀವು ಎಣ್ಣೆ, ತುಪ್ಪ ಪೂರ್ತಿ ನಿಲ್ಲಿಸಿದ್ದರಿಂದ ಚೀಲಕ್ಕೆ 'ಹಿಂಡಿಕೋ' ಎಂಬ ಸೂಚನೆಯೇ ಹೋಗಲಿಲ್ಲ. ಎರಡು ತಿಂಗಳು ಗಟ್ಟಿ ರಸ ನಿಂತಲ್ಲೇ ನಿಂತಿತು. ವಾರಕ್ಕೆ ಒಂದೂವರೆ ಕೆ.ಜಿ. ದಾಟಿ ಇಳಿಸಿದರೆ ಕಲ್ಲಿನ ಅಪಾಯ ಏರುತ್ತದೆ ಎಂಬುದು ನಮಗೆ ಬಹುಕಾಲದಿಂದ ಗೊತ್ತು. ನೀವು ಆ ಗೆರೆ ದಾಟಿದ್ದೀರಿ. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಆಪರೇಷನ್ ಆದ ಆರು ತಿಂಗಳಲ್ಲಿ ಔಷಧವಿಲ್ಲದವರ ಪೈಕಿ ಶೇ 32 ಮಂದಿಗೆ ಕಲ್ಲು ಬಂದಿತ್ತು. ದಿನಕ್ಕೆ 600 ಮಿ.ಗ್ರಾಂ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ಅದು ಶೇ 2 ಮಾತ್ರ.

ತೂಕ ಇಳಿಸಿದ್ದೇ ತಪ್ಪು ಎಂದು ದಯವಿಟ್ಟು ಓದಿಕೊಳ್ಳಬೇಡಿ. ಇಳಿಸಬೇಕಾಗಿತ್ತು, ವೇಗ ಮತ್ತು ಒಣ ಪಥ್ಯ ತಪ್ಪಿತು. ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಈಗ ದಿನಾ ಕೇಳುತ್ತಾರೆ. ಸೆಮಾಗ್ಲುಟೈಡ್ ಗುಂಪಿನ ಔಷಧಗಳಲ್ಲೂ ಪಿತ್ತಕೋಶದ ತೊಂದರೆ ಸ್ವಲ್ಪ ಹೆಚ್ಚು ಕಂಡುಬಂದಿದೆ, ಪ್ರಮಾಣ ಹೆಚ್ಚಿದ್ದಷ್ಟೂ ಹೆಚ್ಚು. ಈಗ ಕಲ್ಲಿರುವ ನೀವು ಯಾರೋ ಹೇಳಿದರೆಂದು ಅದನ್ನು ಶುರುಮಾಡಬೇಡಿ.

ಆ ರಾತ್ರಿಗೆ ಬರೋಣ. ಎರಡು ತಿಂಗಳು ಸುಮ್ಮನಿದ್ದ ಚೀಲಕ್ಕೆ ತುಪ್ಪದ ಹೋಳಿಗೆ ಬಿತ್ತು. ಅದು ಜೋರಾಗಿ ಹಿಂಡಿಕೊಂಡಿತು. ಕಲ್ಲೊಂದು ಉರುಳಿ ಬಂದು ಚೀಲದ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಚೀಲ ಎರಡು ಗಂಟೆ ಹೊತ್ತು ಮುಚ್ಚಿದ ಬಾಗಿಲನ್ನು ತಳ್ಳಿತು. ಕಲ್ಲು ಹಿಂದಕ್ಕೆ ಜಾರಿದಾಗ ನೋವು ನಿಂತಿತು, ಹೆಸರು ಸೋಡಾಕ್ಕೆ ಬಂತು. ನನ್ನ ಅನುಭವದಲ್ಲಿ ಪಿತ್ತಕೋಶದ ಕಲ್ಲಿನ ನೋವನ್ನು ಮೊದಲ ಸಲವೇ ಗುರುತಿಸಿದ ರೋಗಿಗಳು ಕಡಿಮೆ. ಎಲ್ಲರಿಗೂ ಅದು 'ಗ್ಯಾಸ್'. ಗ್ಯಾಸ್ ನೋವು ಹೊಟ್ಟೆತುಂಬ ಓಡಾಡುತ್ತದೆ, ತೇಗಿದರೆ ಹಗುರಾಗುತ್ತದೆ. ಇದು ಎದೆಗುಂಡಿಯ ಕೆಳಗೋ ಬಲಪಕ್ಕೆಯ ಅಡಿಯಲ್ಲೋ ಗಟ್ಟಿಯಾಗಿ ನೆಲೆಯೂರಿ, ಬಲ ಹೆಗಲ ಮೂಳೆಯತ್ತ ಚಾಚಿ, ಅರ್ಧ ಗಂಟೆಯಿಂದ ಕೆಲವು ಗಂಟೆ ಹಿಡಿದುಕೊಳ್ಳುತ್ತದೆ. ಹೇಗೆ ಮಲಗಿದರೂ ನೆಮ್ಮದಿ ಇರುವುದಿಲ್ಲ. ಹೆಚ್ಚಾಗಿ ಬರುವುದು ರಾತ್ರಿಯೇ. ಅದೇ ಜಾಗದ ನೋವು ಹೃದಯದ್ದೂ ಆಗಬಹುದು. 40 ದಾಟಿದ, ಸಕ್ಕರೆಯ ಹೊಸ್ತಿಲಲ್ಲಿರುವ ನೀವು ಇನ್ನೊಮ್ಮೆ ಬಂದರೆ ಸೋಡಾ ಹುಡುಕದೆ ಇಸಿಜಿ ಮಾಡಿಸಿ.

ನೋವು ಬಂದದ್ದರಿಂದ ಏನು ಬದಲಾಯಿತು? ಬಹಳ ಬದಲಾಯಿತು. ಸ್ಕ್ಯಾನ್‌ನಲ್ಲಿ ಅಕಸ್ಮಾತ್ ಕಂಡ, ತೊಂದರೆ ಕೊಡದ ಕಲ್ಲನ್ನು ನಾನು ಮುಟ್ಟುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅಂಥ 123 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ 1982ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 15 ವರ್ಷದೊಳಗೆ ನೋವು ಬಂದದ್ದು ಶೇ 18 ಮಂದಿಗೆ (ಬಹುತೇಕ ಗಂಡಸರು, ಇದನ್ನು ಮರೆಯಬಾರದು). ಶುಗರ್ ಇರುವವರು ನೋವಿಲ್ಲದಿದ್ದರೂ ತೆಗೆಸಲೇಬೇಕು ಎಂಬ ಹಳೆಯ ಸಲಹೆಯನ್ನೂ ಈಗ ಕೈಬಿಟ್ಟಿದ್ದಾರೆ. ಮೂರು ಸೆಂ.ಮೀ. ಮೀರಿದ ಕಲ್ಲು, ಒಂದು ಸೆಂ.ಮೀ. ಮೀರಿದ ಪಾಲಿಪ್ (ಚೀಲದ ಒಳಗೋಡೆಯಲ್ಲಿ ಬೆಳೆದ ಗಂಟು), ಸುಣ್ಣಗಟ್ಟಿದ ಚೀಲದ ಗೋಡೆ ಇಂಥವು ಬೇರೆ, ಅಲ್ಲಿ ಕ್ಯಾನ್ಸರ್ ಭಯವಿದೆ. ಆದರೆ ಒಮ್ಮೆ ಖಚಿತವಾದ ನೋವು ಬಂದರೆ ಅದು ಮತ್ತೆ ಬರುವ ಸಾಧ್ಯತೆ ಹೆಚ್ಚು, ಜೊತೆಗೆ ತೊಡಕುಗಳೂ. ಹಲವು ಸಣ್ಣ ಕಲ್ಲುಗಳಿದ್ದಾಗ ಒಂದು ಜಾರಿ ಪಿತ್ತನಾಳಕ್ಕೆ ಇಳಿದರೆ ಕಾಮಾಲೆಯಾಗುತ್ತದೆ, ಮೇದೋಜೀರಕ ಗ್ರಂಥಿಗೆ ಉರಿಯೂತ ಬರುತ್ತದೆ. ಅದು ನಿಜಕ್ಕೂ ಹೆದರಬೇಕಾದ ಕಾಯಿಲೆ. ಹಾಗಾಗಿ ನಿಮ್ಮ ಸರ್ಜನ್ ಹೇಳಿದ್ದು ಸರಿ. 'ನಾಳೆಯೇ' ಎಂಬ ಅವಸರ ಬೇಕಿಲ್ಲ, ಮುಂದಿನ ಬೇಸಿಗೆ ರಜೆಯವರೆಗೆ ತಳ್ಳುವುದೂ ಬೇಡ. ಕೆಲವು ವಾರಗಳಲ್ಲಿ, ನಿಮಗೆ ಅನುಕೂಲವಾದ ದಿನ ನೋಡಿ ಮಾಡಿಸಿ. ಅಷ್ಟರೊಳಗೆ ಚಳಿಜ್ವರ, ಕಣ್ಣು ಹಳದಿ, ಚಹಾ ಡಿಕಾಕ್ಷನ್ ಬಣ್ಣದ ಮೂತ್ರ, ಐದಾರು ಗಂಟೆ ಬಿಡದ ನೋವು ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಕಲ್ಲು ಮಾತ್ರ ಏಕೆ ತೆಗೆಯಬಾರದು? ಈ ಪ್ರಶ್ನೆಗೆ ನೂರ ನಲವತ್ತು ವರ್ಷ ದಾಟಿದೆ. ಮೊದಲು ಸರ್ಜನ್‌ಗಳು ಮಾಡುತ್ತಿದ್ದುದು ಅದನ್ನೇ, ಚೀಲ ಕೊಯ್ದು ಕಲ್ಲು ಹೆಕ್ಕುವುದು. 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗನ್‌ಬುಕ್ ಮೊದಲ ಸಲ ಚೀಲವನ್ನೇ ತೆಗೆದರು. ಕಲ್ಲು ಹುಟ್ಟಿಸುವ ಜಾಗವೇ ಅದು ಎಂಬುದು ಅವರ ತರ್ಕ, ಅದು ಇಂದಿಗೂ ಬಿದ್ದಿಲ್ಲ. ಮಾತ್ರೆಯಿಂದ ಕರಗಿಸುವ ದಾರಿಯೂ ಇದೆ, ಮೇಲೆ ಹೇಳಿದ ಅದೇ ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಸುಣ್ಣ ಸೇರದ, ಸಣ್ಣ, ಶುದ್ಧ ಕೊಲೆಸ್ಟರಾಲ್ ಕಲ್ಲಾಗಿರಬೇಕು. ಚೀಲ ಚೆನ್ನಾಗಿ ಹಿಂಡಿಕೊಳ್ಳುತ್ತಿರಬೇಕು. ಆರು ತಿಂಗಳಿಂದ ಎರಡು ವರ್ಷ ಬಿಡದೆ ನುಂಗಬೇಕು. ಇಷ್ಟೆಲ್ಲ ಮಾಡಿ ಕರಗಿದರೂ ಐದು ವರ್ಷದಲ್ಲಿ ಅರ್ಧದಷ್ಟು ಮಂದಿಗೆ ಮತ್ತೆ ಬರುತ್ತದೆ. ಆಪರೇಷನ್ ತಡೆದುಕೊಳ್ಳಲಾಗದ ಹಿರಿಯರಿಗೆ ನಾನದನ್ನು ಬರೆದುಕೊಡುತ್ತೇನೆ, ನಿಮಗೆ ಬರೆಯುವುದಿಲ್ಲ.

ಬಾಳೆದಿಂಡು, ಹುರುಳಿ ಕಟ್ಟು, ದಿನಕ್ಕೆ ನಾಲ್ಕು ಲೀಟರ್ ನೀರು ಇವೆಲ್ಲ ಕಿಡ್ನಿ ಕಲ್ಲಿನ ಮದ್ದೆಂದು ಹೇಳುವಂಥವು. ಕಿಡ್ನಿ ಕಲ್ಲು ಮೂತ್ರದ ದಾರಿಯದು, ನೀರಿನ ಹರಿವು ಅದನ್ನು ತಳ್ಳಬಹುದು. ಪಿತ್ತಕೋಶದ ದಾರಿಯಲ್ಲಿ ನೀವು ಕುಡಿದ ನೀರು ಹಾಯುವುದೇ ಇಲ್ಲ. ಅತ್ತಿಗೆಗೆ ಬೇಸರವಾಗದಂತೆ ದಿಂಡಿನ ಪಲ್ಯ ತಿನ್ನಿ, ನಾರು ಒಳ್ಳೆಯದೇ.

ಆಲಿವ್ ಎಣ್ಣೆಯ ಪ್ರಯೋಗದ ಕತೆ ಸ್ವಾರಸ್ಯದ್ದು. ಎಣ್ಣೆ, ನಿಂಬೆರಸ ಕುಡಿದ ಮರುದಿನ ಮಲದಲ್ಲಿ ಹಸಿರು ಹಸಿರಾಗಿ ಗೋಲಿಗಳು ಬೀಳುವುದು ನಿಜ. ಜನ ಸುಳ್ಳು ಹೇಳುವುದಿಲ್ಲ; ನನ್ನ ಬಳಿಗೂ ಅದನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದವರಿದ್ದಾರೆ. 2005ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅಂಥ ಗೋಲಿಗಳ ಪರೀಕ್ಷೆಯ ವರದಿ ಬಂತು. 40 ಡಿಗ್ರಿಗೆ ಬಿಸಿ ಮಾಡಿದರೆ ಹತ್ತು ನಿಮಿಷದಲ್ಲಿ ಕರಗಿ ಹಸಿರು ಎಣ್ಣೆಯಾದವು. ಕೊಲೆಸ್ಟರಾಲ್ ಇಲ್ಲ, ಪಿತ್ತರಸಕ್ಕೆ ಬಣ್ಣ ಕೊಡುವ ಬಿಲಿರುಬಿನ್ ಇಲ್ಲ. ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಉಂಡೆಕಟ್ಟಿಕೊಂಡದ್ದು. ನಗಬಹುದಿತ್ತು, ಆದರೆ ಒಂದೇ ಸಲಕ್ಕೆ ಲೋಟಗಟ್ಟಲೆ ಎಣ್ಣೆ ಬಿದ್ದರೆ ಚೀಲ ಹೇಗೆ ಹಿಂಡಿಕೊಳ್ಳುತ್ತದೆ ಎಂದು ಹೋಳಿಗೆಯ ರಾತ್ರಿ ನಿಮಗೆ ಗೊತ್ತಾಗಿದೆ. ಬೇಡ.

ಆಪರೇಷನ್ ಬಗ್ಗೆ. ಸಣ್ಣ ರಂಧ್ರದಿಂದ ದುರ್ಬೀನು ತೂರಿಸಿ ಚೀಲ ತೆಗೆಯುವ ಈ ವಿಧಾನ (ಲ್ಯಾಪರೋಸ್ಕೋಪಿ) ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲು ಮಾಡಿದ್ದು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈನ ಡಾ. ತೆಹೆಮ್ಟನ್ ಉದ್ವಾಡಿಯಾ ಶುರುಮಾಡಿದರು. ಈಗ ತಾಲ್ಲೂಕು ಮಟ್ಟದಲ್ಲೂ ನಡೆಯುತ್ತಿದೆ. ಮೂರು ನಾಲ್ಕು ಸಣ್ಣ ರಂಧ್ರ, ಒಂದೆರಡು ದಿನ ಆಸ್ಪತ್ರೆ. ಹೊಟ್ಟೆಗೆ ಗಾಳಿ ತುಂಬುವುದರಿಂದ ಎರಡು ದಿನ ಹೆಗಲು ನೋಯುತ್ತದೆ, ಗಾಬರಿ ಬೇಡ. ದೊಡ್ಡ ಅಪಾಯವೆಂದರೆ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು, ಸಾವಿರಕ್ಕೆ ಮೂರರಿಂದ ಐದು ಮಂದಿಗೆ. ಆದರೆ ಅದರ ನಷ್ಟ ದೊಡ್ಡದು. ಆದ್ದರಿಂದ ಸರ್ಜನ್‌ರನ್ನು ಕೇಳಲು ಹಿಂಜರಿಯಬೇಡಿ: ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಒಳಗೆ ಅಂಟಿಕೊಂಡಿದ್ದರೆ ಏನು ಮಾಡುತ್ತೀರಿ? 'ಹೊಟ್ಟೆ ತೆರೆದು ಮಾಡುತ್ತೇನೆ, ಇಲ್ಲವೇ ಅಂಟಿಕೊಂಡ ಚೀಲದ ಭಾಗವನ್ನು ಒಳಗೇ ಬಿಟ್ಟು ಉಳಿದದ್ದನ್ನು ತೆಗೆಯುತ್ತೇನೆ' ಎನ್ನುವವರ ಕೈಗೆ ಧೈರ್ಯವಾಗಿ ಹೋಗಿ. ಹೊಟ್ಟೆ ತೆರೆಯಬೇಕಾಯಿತು ಎಂದರೆ ಆಪರೇಷನ್ ಕೆಟ್ಟಿತು ಎಂದಲ್ಲ. ಆಪರೇಷನ್‌ಗೆ ಮೊದಲು ಬಿಲಿರುಬಿನ್ ಮತ್ತಿತರ ಲಿವರ್ ಪರೀಕ್ಷೆ, ಸ್ಕ್ಯಾನ್‌ನಲ್ಲಿ ಪಿತ್ತನಾಳದ ಅಗಲ ನೋಡಿಸಿ. ಅನುಮಾನವಿದ್ದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳದ ಎಂಆರ್‌ಐ ಸ್ಕ್ಯಾನ್. ಶುಗರ್ ಮಾತ್ರೆ ನುಂಗುವ ಓದುಗರಿಗೆ ಒಂದು ಮಾತು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಆಪರೇಷನ್‌ಗೆ ಮೂರು ದಿನ ಮೊದಲೇ ನಿಲ್ಲಿಸಬೇಕು. ಅರಿವಳಿಕೆ ವೈದ್ಯರಿಗೆ ಹೇಳಲು ಮರೆಯುವವರೇ ಜಾಸ್ತಿ.

ಚೀಲ ಹೋದ ಮೇಲೆ ಪಿತ್ತರಸ ಲಿವರ್‌ನಿಂದ ನೇರ ಕರುಳಿಗೆ ತೊಟ್ಟಿಕ್ಕುತ್ತದೆ. ಕೆಲವರಿಗೆ ಕೆಲಕಾಲ ಸಡಿಲ ಭೇದಿ, ಉಳಿದವರಿಗೆ ಏನೂ ಇಲ್ಲ. ಜೀವನಪೂರ್ತಿ ಸಪ್ಪೆ ಊಟ ಎಂಬುದು ಸುಳ್ಳು.

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ: ಚೀಲ ತೆಗೆದರೆ ಶುಗರ್ ಸರಿಹೋಗುವುದಿಲ್ಲ. ಕಲ್ಲು ಹೋಗುತ್ತದೆ, ಕಲ್ಲನ್ನು ಹುಟ್ಟಿಸಿದ ಇನ್ಸುಲಿನ್ ಕಿವುಡು ಅಲ್ಲೇ ಇರುತ್ತದೆ, ಫ್ಯಾಟಿ ಲಿವರ್ ಕೂಡ. ಹಾಗಾಗಿ ಇಳಿಸಿದ 14 ಕೆ.ಜಿ. ವಾಪಸ್ ಬರದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಒಂದೇ ಊಟದ ಪಥ್ಯದವರಿಗೆ ಅದು ವಾಪಸ್ ಬರುವುದೇ ಹೆಚ್ಚು. ಮೂರು ಹೊತ್ತು ತಿನ್ನಿ. ತಟ್ಟೆಯಲ್ಲಿ ಮೊದಲು ಕಾಳು, ಬೇಳೆ, ಮೊಟ್ಟೆ, ಮೊಸರು, ಸೊಪ್ಪು ಬರಲಿ. ಅನ್ನಕ್ಕೆ ಉಳಿದ ಜಾಗ ಸಾಕು. ಮುದ್ದೆಯೂ ಪಿಷ್ಟವೇ, ಅದರ ಗಾತ್ರದ ಬಗ್ಗೆ ತುಮಕೂರಿನವರ ಜೊತೆ ವಾದ ಮಾಡಿ ಗೆದ್ದವನಲ್ಲ ನಾನು, ಆದರೂ ಹೇಳಿದ್ದೇನೆ. ಆಪರೇಷನ್‌ವರೆಗೆ ಕರಿದದ್ದು, ತುಪ್ಪದ ಸಿಹಿ ಬೇಡ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ. ಇನ್ನು ಇಳಿಸುವುದಿದ್ದರೆ ವಾರಕ್ಕೆ ಅರ್ಧ ಕೆ.ಜಿ. ಮೀರದಿರಲಿ. ಊಟವಾದ ಮೇಲೆ ಇಪ್ಪತ್ತು ನಿಮಿಷ ನಡೆಯಿರಿ. ಟ್ರೈಗ್ಲಿಸರೈಡ್ ಇಳಿಸಲೆಂದು ಯಾರಾದರೂ ಫೆನೋಫೈಬ್ರೇಟ್ ಬರೆದರೆ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ತಿಳಿಸಿ, ಅದು ಇಂಥವರಿಗೆ ಕೊಡುವ ಔಷಧವಲ್ಲ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡಿಸಿ.

ಆಪರೇಷನ್ ಮುಗಿದ ಮೇಲೆ ಚೀಲವನ್ನು ಬಯಾಪ್ಸಿಗೆ ಕಳಿಸಿದರೇ ಎಂದು ಕೇಳಿ. ಕಲ್ಲುಗಳನ್ನು ಪುಟ್ಟ ಡಬ್ಬಿಯಲ್ಲಿ ನಿಮ್ಮ ಮನೆಯವರ ಕೈಗೆ ಕೊಡುತ್ತಾರೆ. ಕಪಾಟಿನಲ್ಲಿಡುವ ಮೊದಲು ಬೆಳಕಿಗೆ ಹಿಡಿದು ನೋಡಿ. ಹಳದಿಯಾಗಿ, ಮುಟ್ಟಿದರೆ ಮೇಣದಂತೆ ಜಿಡ್ಡಾಗಿ, ಒಡೆದಾಗ ಒಳಗೆ ಕಿರಣಗಳಂಥ ಹರಳು ಕಂಡರೆ ನಾನು ಮೇಲೆ ಬರೆದದ್ದೆಲ್ಲ ನಿಮ್ಮದೇ ಕತೆ. ಹಾಗಲ್ಲದೆ ಕಾಳುಮೆಣಸಿನಂತೆ ಕಪ್ಪಗೆ, ಹಿಚುಕಿದರೆ ಇದ್ದಿಲಿನಂತೆ ಪುಡಿಯಾದರೆ ಅದು ಕೊಲೆಸ್ಟರಾಲ್ ಕಲ್ಲಲ್ಲ, ಬಿಲಿರುಬಿನ್ ಕಲ್ಲು. ದಕ್ಷಿಣ ಭಾರತದಲ್ಲಿ ಅವು ಉತ್ತರಕ್ಕಿಂತ ಹೆಚ್ಚೇ ಸಿಗುತ್ತವೆ. ಆಗ ಕೆಂಪು ರಕ್ತಕಣ ಬೇಗ ಒಡೆಯುತ್ತಿದೆಯೇ, ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ, ಬೇಸಿಗೆಯ ಪಥ್ಯದ ಮೇಲೆ ನಾನು ಹೊರಿಸಿದ ಆರೋಪವನ್ನೂ ವಾಪಸ್ ತೆಗೆದುಕೊಳ್ಳಬೇಕಾಗುತ್ತದೆ. ಹಾಗೇನಾದರೂ ಆದರೆ ಡಬ್ಬಿಯ ಫೋಟೊ ಸಮೇತ ಇನ್ನೊಂದು ಪತ್ರ ಬರೆಯಿರಿ.